ಗೋಪುರ ಹತ್ತಿದವನೂ ನಮ್ಮ ಚಿಕ್ಕಪ್ಪನೂ

ಹೋದ ಸಲ ಕ್ಯಾತನಹಳ್ಳಿಗೆ ಹೋದಾಗ ಮನೆಮಂದಿಯೆಲ್ಲ ಸೇರಿ ಬೈಲುಕುಪ್ಪೆ ನೋಡಲು ಹೋಗಿದ್ವಿ. ಗೋಲ್ಡನ್ ಟೆಂಪಲ್ ಮುಂದೆ ಫೋಟೋ, ಆಮೇಲೆ ಮೋಮೋ, ಸ್ವೆಟರ್ ಚೌಕಾಸಿ ಎಲ್ಲಾ ಆಯ್ತು. ವಾಪಸ್ ಬರುವಾಗ ಚಿಕ್ಕಪ್ಪ, "ಅಲ್ಲ ಕಣ್ಲಾ, ಇವ್ರು ಅವ್ರ ದೇಸ ಬಿಟ್ಟು ಇಲ್ಲಿಗ್ಯಾಕ್ ಬಂದ್ರು?" ಅಂದರು. ಗೊತ್ತಿದ್ದಷ್ಟು ಹೇಳಿದೆ. ಜೊತೆಗೆ ತೆನ್ಜಿನ್ ತ್ಸುಂಡೂ ಕತೆಯನ್ನೂ ಹೇಳಿದೆ.

2005ರ ಏಪ್ರಿಲ್. ನಾನಾಗ ಇನ್ನೂ ಪ್ರೈಮರಿ ಸ್ಕೂಲು. ಚೀನಾದ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿಗೆ ಬಂದು ಟಾಟಾ ಇನ್ಸ್ಟಿಟ್ಯೂಟಿನಲ್ಲಿ ವಿಜ್ಞಾನಿಗಳ ಜೊತೆ ಕೂತಿದ್ದರು. ಈ ಟಿಬೆಟನ್ ಕವಿ ಅಲ್ಲಿಯ ಗೋಪುರ ಹತ್ತಿ ಬಾವುಟ ತೋರಿಸಿದ, ಕರಪತ್ರ ತೂರಿದ, ಗಂಟಲು ಹರಿಯುವಂತೆ ಕೂಗಿದ. ಕೈಯಲ್ಲಿ ಕಲ್ಲಿಲ್ಲ, ದೊಣ್ಣೆಯಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಮುಂದೆ 2008ರ ಮಾರ್ಚಿನಲ್ಲಿ ಭಿಕ್ಷುಗಳು, ಭಿಕ್ಷುಣಿಯರು ಸೇರಿ ಸುಮಾರು ನೂರು ಜನ ಧರ್ಮಶಾಲೆಯಿಂದ ಟಿಬೆಟ್ ಕಡೆಗೆ ನಡೆದು ಹೊರಟರು. ಅವರನ್ನೂ ಕಾಂಗ್ರಾ ಜಿಲ್ಲೆ ದಾಟುವ ಮೊದಲೇ ಹಿಡಿದು 14 ದಿನ ಇಟ್ಟುಕೊಂಡರು. ನಡೆದದ್ದೇ ತಪ್ಪು!

ಚಿಕ್ಕಪ್ಪನಿಗೆ ಇದು ಹಿಡಿಸಲಿಲ್ಲ. "ಮನೆಗೆ ಬಂದ ನೆಂಟ್ರ ಮುಂದೆ ಹಂಗ್ ಮಾಡ್ಬೋದಾ? ಪರದೇಸದ ಉಸಾಬರಿ ನಮ್ಗ್ಯಾಕ್ಲಾ?"

ಈ ಮಾತು ಹೇಳಿದ್ದು ಯಾರು ಗೊತ್ತಾ? ಪುಟ್ಟಣ್ಣಯ್ಯನವರ ಊರಿನವರು. ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಂಡು ರಸ್ತೆತಡೆಗೆ ಕೂತು, ಆ ಕೇಸಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದವರು. "ನೀವ್ಯಾಕೆ ಕೂತಿದ್ರಿ ಮತ್ತೆ?" ಅಂತ ಕೇಳಿದೆ. "ಅದು ಕಬ್ಬಿನ್ ಬಾಕಿ ಕಣ್ಲಾ. ಅದು ನಮ್ದು."

'ನಮ್ದು'... ಅವತ್ತಿಂದ ತಲೆಯಲ್ಲಿ ಕೊರೆಯುತ್ತಿರೋದು ಈ ಒಂದು ಪದ.

ನರಮೇಧ ಯಾರದ್ದು? 1948ರಲ್ಲಿ ವಿಶ್ವಸಂಸ್ಥೆ ಇದಕ್ಕೇ ಒಂದು ಒಪ್ಪಂದ ಮಾಡಿತು. ಒಂದು ಧರ್ಮದ ಜನರನ್ನು ಧರ್ಮದ ಕಾರಣಕ್ಕೇ ಇಲ್ಲವಾಗಿಸ ಹೊರಡುವುದೂ ಅದರ ಪ್ರಕಾರ ನರಮೇಧ. ತಡೆಯುತ್ತೇವೆ, ಶಿಕ್ಷಿಸುತ್ತೇವೆ ಅಂತ ದೇಶಗಳು ಮಾತು ಕೊಟ್ಟವು. ಭಾರತವೂ 1959ರಲ್ಲಿ ಅದನ್ನು ಅಂಗೀಕರಿಸಿತು. ಮರುವರ್ಷವೇ, ನಮ್ಮ ವಕೀಲ ಪುರುಷೋತ್ತಮ ತ್ರಿಕಮದಾಸ್ ನೇತೃತ್ವದ ಅಂತರರಾಷ್ಟ್ರೀಯ ನ್ಯಾಯಶಾಸ್ತ್ರಜ್ಞರ ಸಮಿತಿ, ಟಿಬೆಟನ್ನರನ್ನು ಧಾರ್ಮಿಕ ಸಮುದಾಯವಾಗಿ ಅಳಿಸಲು ನರಮೇಧದ ಕೃತ್ಯಗಳು ನಡೆದಿವೆ ಎಂದು ವರದಿ ಕೊಟ್ಟಿತು. ಜನಾಂಗವಾಗಿ ಅಳಿಸುತ್ತಿದ್ದಾರೆ ಅನ್ನಲು ಪುರಾವೆ ಸಾಲದು ಅಂತಲೂ ಪ್ರಾಮಾಣಿಕವಾಗಿ ಬರೆಯಿತು. ಅಂದರೆ ನಾವು ಕೊಟ್ಟ ಮಾತನ್ನೇ ಗೋಪುರ ಹತ್ತಿದವನು ನೆನಪಿಸಿದ್ದು. ಪರದೇಶದ ಉಸಾಬರಿ ಅದು ಹೇಗಾಯ್ತು?

ಟಿಬೆಟ್ ವಿಷಯಕ್ಕೆ ಹೂಂ ಅನ್ನುವವರು ಗಾಜಾ ಅಂದಕೂಡಲೇ ಮುಖ ತಿರುಗಿಸುತ್ತಾರೆ. ಇನ್ನು ಕೆಲವರು ಗಾಜಾಕ್ಕೆ ಅಳುತ್ತಾರೆ, ಬೈಲುಕುಪ್ಪೆ ಅವರಿಗೆ ಬರೀ ಪಿಕ್ನಿಕ್ ಸ್ಪಾಟು. 2025ರ ಜುಲೈನಲ್ಲಿ ಗಾಜಾಕ್ಕಾಗಿ ಮುಂಬೈಯಲ್ಲಿ ಸಭೆ ಮಾಡಲು ಅನುಮತಿ ಕೇಳಿದವರಿಗೆ ಬಾಂಬೆ ಹೈಕೋರ್ಟ್ ಹೇಳಿದ್ದೂ ಚಿಕ್ಕಪ್ಪನ ಮಾತನ್ನೇ: ನಮ್ಮ ದೇಶದ ಸಮಸ್ಯೆ ನೋಡಿ. ಅದೇ ತಿಂಗಳು ಲಂಡನ್ನಿನಲ್ಲಿ ಸ್ಯೂ ಪಾರ್ಫಿಟ್ ಎಂಬ 83 ವರ್ಷದ ನಿವೃತ್ತ ಪಾದ್ರಿ, ನರಮೇಧವನ್ನು ವಿರೋಧಿಸುತ್ತೇನೆ, ಪ್ಯಾಲೆಸ್ಟೈನ್ ಆಕ್ಷನ್ ಸಂಘಟನೆಯನ್ನು ಬೆಂಬಲಿಸುತ್ತೇನೆ ಎಂಬ ಫಲಕ ಹಿಡಿದು ಕುರ್ಚಿಯಲ್ಲಿ ಕೂತರು. ಆ ಸಂಘಟನೆಯವರು ವಾಯುಪಡೆಯ ವಿಮಾನಗಳಿಗೆ ಹಾನಿ ಮಾಡಿದ್ದರು, ಆಗಷ್ಟೇ ಅದನ್ನು ನಿಷೇಧಿಸಿದ್ದರು. ಆದರೆ ಈ ಅಜ್ಜಿ ಹಿಡಿದದ್ದು ಒಂದು ರಟ್ಟಿನ ಚೂರು. ಭಯೋತ್ಪಾದನಾ ಕಾಯ್ದೆಯಡಿ ಬಂಧನ! ಅವರು ಕೂತಿದ್ದು ಎಲ್ಲಿ ಅಂತೀರಿ? ಪಾರ್ಲಿಮೆಂಟ್ ಸ್ಕ್ವೇರಿನ ಗಾಂಧಿ ಪ್ರತಿಮೆಯ ಬಳಿ.

ಗೋಪುರ ಹತ್ತಿದ್ದು ಕಾನೂನಿನ ಕಣ್ಣಲ್ಲಿ ತಪ್ಪಿರಬಹುದು. 1938ರಲ್ಲಿ ನಮ್ಮ ಜಿಲ್ಲೆಯ ಶಿವಪುರದಲ್ಲಿ ಬಾವುಟ ಹಾರಿಸಿದ್ದೂ ತಪ್ಪೇ ಆಗಿತ್ತು. ಕೇಸು ಹಾಕಲಿ, ದಂಡ ಹಾಕಲಿ, ಅಹಿಂಸೆಯ ದಾರಿ ಹಿಡಿದವರು ಅದಕ್ಕೆ ಸಿದ್ಧವಾಗಿಯೇ ಬಂದಿರುತ್ತಾರೆ. ಆದರೆ ಏನು ಮಾಡಿದೆ ಅಂತ ಕೇಳುವ ಕೋರ್ಟು ಯಾಕೆ ಮಾಡಿದೆ ಅಂತಲೂ ಕೇಳಿಸಿಕೊಳ್ಳಬೇಕು, ಶಿಕ್ಷೆ ಅಳೆಯುವಾಗ ಅದನ್ನೂ ತಕ್ಕಡಿಗೆ ಹಾಕಬೇಕು. ಇಷ್ಟೇ ನನ್ನ ವಾದ.

ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳ್ತೀನಿ. ಗಾಜಾಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಕೂರೋಣ ಬಾ ಅಂತ ಸಹೋದ್ಯೋಗಿಯೊಬ್ಬ ಕರೆದಿದ್ದ. ಹಳೇ ಸೆಂಟ್ರಲ್ ಜೈಲು ಇದ್ದ ಜಾಗ, ಅನುಮತಿಯೂ ಇತ್ತು. ನಾನು ಹೋಗಲಿಲ್ಲ. ವೀಸಾ, ಪೊಲೀಸ್ ವೆರಿಫಿಕೇಶನ್ ಅಂತ ಏನೇನೋ ಲೆಕ್ಕ ಹಾಕಿದೆ. ಚಿಕ್ಕಪ್ಪ ಬಾಯಲ್ಲಿ ಹೇಳಿದ್ದನ್ನು ನಾನು ಮಾಡಿ ತೋರಿಸಿದ್ದೆ.

ಇದನ್ನೂ ಚಿಕ್ಕಪ್ಪನಿಗೆ ಹೇಳಿದೆ. ಕಾರು ತೊಣ್ಣೂರಿನ ಕೈಮರದ ಹತ್ತಿರ ಬಂದಿತ್ತು. ಚೋಳ ದೊರೆಯ ಕಾಟ ತಾಳಲಾರದೆ ರಾಮಾನುಜಾಚಾರ್ಯರು ಬಂದು ನಿಂತ ಊರು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದದ್ದು. ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರೂ ಪರದೇಸದಿಂದ್ಲೇ ಬಂದ್ರು, ಅಲ್ವೇನ್ಲಾ?" ಅಂದರು.

ಹೌದು ಚಿಕ್ಕಪ್ಪ. ನೆಲ ಕೊಡೋದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದಿಲ್ಲ. ಆ ನೆಲದ ಮೇಲೆ ನಿಂತು ಅವರು ಅಳೋದಕ್ಕೂ ಬಿಡಬೇಕಲ್ವಾ?