ಶಿಖರದ ಚಿತ್ರದಲ್ಲಿ ಹೊರೆಯಾಳು ಎಲ್ಲಿ?

ಪರ್ವತಾರೋಹಣದ ಚಲನಚಿತ್ರಗಳನ್ನು ಮಕ್ಕಳಿಗೆ ತೋರಿಸಬೇಕೆಂಬ ಮಾತು ಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ. ಛಲ, ಧೈರ್ಯ, ಒಗ್ಗಟ್ಟು ಮೊದಲಾದ ಗುಣಗಳನ್ನು ಹತ್ತು ಸಲ ಬಾಯಲ್ಲಿ ಹೇಳುವುದಕ್ಕಿಂತ ಒಮ್ಮೆ ಕಣ್ಣಿಗೆ ಕಾಣಿಸುವುದು ಲೇಸೆಂಬುದು ಅಧ್ಯಾಪಕರಾದ ನಮ್ಮ ನಂಬಿಕೆ. ನಂಬಿಕೆಯೇನೋ ಸರಿಯಾದದ್ದೇ. ಆದರೆ ಕಡಲ ತಡಿಯಲ್ಲಿ ಬೆಳೆದ ನಮ್ಮ ಮಕ್ಕಳು ಹಿಮವನ್ನು ಕಂಡಿರುವುದು ಪರದೆಯ ಮೇಲೆ ಮಾತ್ರ. ಪರದೆ ಏನನ್ನು ತೋರಿಸುತ್ತದೆಯೋ ಅದೇ ಅವರಿಗೆ ಪರ್ವತ. ಯಾರನ್ನು ತೋರಿಸುತ್ತದೆಯೋ ಅವನೇ ಅವರಿಗೆ ವೀರ. ಆದುದರಿಂದ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಶಿಖರದ ಮೇಲೆ ಬಾವುಟ ಹಿಡಿದು ನಿಂತವನನ್ನು ಇಷ್ಟು ಶ್ರದ್ಧೆಯಿಂದ ತೋರಿಸುವ ಈ ಚಿತ್ರಗಳು, ಅವನ ಹೊರೆಯನ್ನು ಅಲ್ಲಿಯವರೆಗೆ ಹೊತ್ತು ತಂದವನನ್ನು ತೋರಿಸುತ್ತವೆಯೇ?

ಉದಾಹರಣೆಗೆ ಕೆ-2 ಶಿಖರವನ್ನೇ ತೆಗೆದುಕೊಳ್ಳೋಣ. ಕಾರಕೋರಂ ಶ್ರೇಣಿಯಲ್ಲಿ, ಪಾಕಿಸ್ತಾನದ ಆಡಳಿತದಲ್ಲಿರುವ ಗಿಲ್ಗಿತ್-ಬಾಲ್ಟಿಸ್ತಾನಕ್ಕೂ ಚೀನಕ್ಕೂ ನಡುವೆ ನಿಂತಿರುವ ಇದರ ಎತ್ತರ 8,611 ಮೀಟರು. ಎವರೆಸ್ಟಿನ ಅನಂತರ ಜಗತ್ತಿನಲ್ಲೇ ಎರಡನೆಯದು. ಅಪಾಯದಲ್ಲಿ ಮಾತ್ರ ಎವರೆಸ್ಟಿಗಿಂತ ಮಿಗಿಲು. 1856ರಲ್ಲಿ ಸರ್ವೇ ಅಧಿಕಾರಿ ಮಾಂಟ್‌ಗೊಮರಿ ದೂರದಿಂದಲೇ ನೋಡಿ ತನ್ನ ಪುಸ್ತಕದಲ್ಲಿ ಬರೆದುಕೊಂಡ ಗುರುತೇ ಅದಕ್ಕೆ ಹೆಸರಾಗಿ ಉಳಿಯಿತು. ಹೆಸರಿಗೂ ನಿಲುಕದಷ್ಟು ದೂರದಲ್ಲಿದ್ದ ಬೆಟ್ಟವದು. ಅಲ್ಲಿಗೆ ಹೋಗುವ ಯಾವ ತಂಡವೂ ತನ್ನ ಅಕ್ಕಿ, ಗುಡಾರ, ಹಗ್ಗಗಳನ್ನು ತಾನೇ ಹೊತ್ತುಕೊಂಡು ಹೋಗಲಾರದು. ಪರ್ವತದ ಬುಡಕ್ಕೆ ತಲುಪಬೇಕಾದರೇ ದಿನಗಟ್ಟಲೆ ಹಿಮನದಿಯ ಮೇಲೆ ನಡೆಯಬೇಕು. ಆ ನಡಿಗೆಯ ಹೆಗಲು ಬಾಲ್ಟಿ ಮತ್ತು ಹುಂಜಾ ಜನರದ್ದು.

ಈ ಶಿಖರವನ್ನು ಮೊದಲು ಏರಿದ್ದು 1954ರ ಜುಲೈ 31ರಂದು, ಅರ್ದಿತೊ ದೇಸಿಯೊ ಅವರ ನಾಯಕತ್ವದ ಇಟಲಿಯ ತಂಡ. ತುದಿ ಮುಟ್ಟಿದವರು ಅಕಿಲ್ಲೆ ಕೊಂಪಾನ್ಯೋನಿ ಮತ್ತು ಲಿನೊ ಲಾಚೆದೆಲ್ಲಿ. ಮಾರಿಯೊ ಫಾಂತಿನ್ ಮೊದಲಾದವರು ಸೆರೆಹಿಡಿದ ದೃಶ್ಯಗಳಿಂದ ಮಾರ್ಚೆಲ್ಲೊ ಬಾಲ್ದಿ 1955ರಲ್ಲಿ ‘ಇಟಾಲಿಯಾ ಕೆ-2’ ಎಂಬ ಚಿತ್ರವನ್ನು ರೂಪಿಸಿದರು. ಯುದ್ಧದಲ್ಲಿ ಸೋತು ಕುಗ್ಗಿದ್ದ ಇಟಲಿಗೆ ಆ ಗೆಲುವು ದೊಡ್ಡ ಟಾನಿಕ್ಕಾಯಿತು. ಶಿಖರದ ಮೇಲಿನ ಬಾವುಟದ ಚಿತ್ರ ದೇಶದ ಹೆಮ್ಮೆಯ ಗುರುತಾಯಿತು.

ಆದರೆ ಆ ಗೆಲುವಿನ ಹಿಂದಿನ ರಾತ್ರಿ ಏನು ನಡೆಯಿತು? ಶಿಖರವೇರುವ ಇಬ್ಬರಿಗೆ ಬೇಕಾದ ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತು ತಂದವರು ತರುಣ ಆರೋಹಿ ವಾಲ್ಟರ್ ಬೊನಾಟ್ಟಿ ಮತ್ತು ಹುಂಜಾದ ಹೊರೆಯಾಳು ಅಮೀರ್ ಮಹ್ದಿ. ಶಿಖರಕ್ಕೇರುವ ಆಸೆ ತೋರಿಸಿ ಮಹ್ದಿಯನ್ನು ಅಷ್ಟೆತ್ತರಕ್ಕೆ ಕರೆತಂದಿದ್ದರು. ಗೊತ್ತುಮಾಡಿದ್ದ ಜಾಗದಲ್ಲಿ ಗುಡಾರ ಇರಲಿಲ್ಲ. ಇನ್ನೂ ಮೇಲೆ, ತಲುಪಲಾಗದ ಕಡೆ ಅದನ್ನು ಹೂಡಲಾಗಿತ್ತು. ಕತ್ತಲಾಯಿತು. ಸುಮಾರು 8,100 ಮೀಟರು ಎತ್ತರದಲ್ಲಿ, ಗುಡಾರವಿಲ್ಲದೆ, ಹೊದೆಯಲು ಚೀಲವಿಲ್ಲದೆ, ಬರಿಯ ಹಿಮದ ಮೇಲೆ ಅವರಿಬ್ಬರೂ ರಾತ್ರಿಯಿಡೀ ಕುಳಿತರು. ಬೆಳಿಗ್ಗೆ ಸಿಲಿಂಡರುಗಳನ್ನು ಅಲ್ಲೇ ಬಿಟ್ಟು ಕೆಳಗಿಳಿದರು. ಮೇಲಿದ್ದ ಇಬ್ಬರು ಅವನ್ನೇ ಎತ್ತಿಕೊಂಡು ಹೋಗಿ ಶಿಖರ ಮುಟ್ಟಿದರು. ಬೊನಾಟ್ಟಿ ಹೇಗೋ ಪಾರಾದ. ಆ ಚಳಿಗೆ ತಕ್ಕ ಬೂಟಿಲ್ಲದ ಮಹ್ದಿಯ ಕಾಲ್ಬೆರಳುಗಳೆಲ್ಲ ಹಿಮಕ್ಕೆ ಸತ್ತುಹೋದವು; ಅವುಗಳನ್ನು ಕತ್ತರಿಸಬೇಕಾಯಿತು. ಅವನು ಮತ್ತೆ ಪರ್ವತ ಏರಲಿಲ್ಲ.

ಅಧಿಕೃತ ಕಥನದಲ್ಲಿ ಆ ರಾತ್ರಿಗೆ ಸಿಕ್ಕ ಜಾಗ ಅತ್ಯಲ್ಪ. ಸಾಲದ್ದಕ್ಕೆ ಹತ್ತು ವರ್ಷದ ಬಳಿಕ ಪತ್ರಿಕೆಯೊಂದು ಬೊನಾಟ್ಟಿಯ ಮೇಲೆಯೇ ಅಪವಾದ ಹೊರಿಸಿತು. ಅವನು ನ್ಯಾಯಾಲಯದ ಮೆಟ್ಟಲೇರಿ ಗೆದ್ದ. ಆಮ್ಲಜನಕ ದಾರಿಯಲ್ಲೇ ಮುಗಿದಿತ್ತೆಂದು ಶಿಖರವೇರಿದವರು ಹೇಳುತ್ತಲೇ ಬಂದಿದ್ದರು. ಆದರೆ ರಾಬರ್ಟ್ ಮಾರ್ಷಲ್ ಎಂಬ ಆಸ್ಟ್ರೇಲಿಯದ ವೈದ್ಯರು ಶಿಖರದ ಹಳೆಯ ಛಾಯಾಚಿತ್ರಗಳನ್ನು ಪರೀಕ್ಷಿಸಿ, ಆಮ್ಲಜನಕದ ಮುಖವಾಡ ಅಲ್ಲಿಯೂ ಧರಿಸಿಯೇ ಇತ್ತೆಂದು 1993ರಲ್ಲಿ ಎತ್ತಿ ತೋರಿಸಿದರು. ಇಟಲಿಯ ಪರ್ವತಾರೋಹಣ ಸಂಘ ಬೊನಾಟ್ಟಿಯ ಮಾತೇ ಸತ್ಯವೆಂದು ಒಪ್ಪಿಕೊಳ್ಳುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಮಹ್ದಿ 1999ರಲ್ಲೇ ತೀರಿಕೊಂಡಿದ್ದ. ಗಮನಿಸಬೇಕಾದ ಮಾತು ಇದು: ಕ್ಯಾಮೆರಾ ಸುಳ್ಳು ಹೇಳಲಿಲ್ಲ. ಮುಖವಾಡ ಚಿತ್ರದಲ್ಲಿಯೇ ಇತ್ತು. ಜನ ಮಾತ್ರ ಬಾವುಟವನ್ನಷ್ಟೇ ನೋಡಿದರು.

ಇನ್ನು ಮನರಂಜನೆಗೆಂದೇ ತೆಗೆದ ಚಿತ್ರಗಳ ಮಾತು. 2000ನೆಯ ಇಸವಿಯಲ್ಲಿ ಬಂದ ‘ವರ್ಟಿಕಲ್ ಲಿಮಿಟ್’ ಚಿತ್ರದ ಕಥೆ ನಡೆಯುವುದು ಇದೇ ಕೆ-2ರಲ್ಲಿ. ಚಿತ್ರೀಕರಣ ನಡೆದದ್ದು ನ್ಯೂಜಿಲೆಂಡಿನ ಬೆಟ್ಟಗಳಲ್ಲಿ. ಅದರಲ್ಲಿ ಬೆನ್ನಿಗೆ ಸ್ಫೋಟಕ ಕಟ್ಟಿಕೊಂಡು ಹಿಮದ ಕಂದರಗಳನ್ನು ನೆಗೆಯುತ್ತಾರೆ! ಎಂಟು ಸಾವಿರ ಮೀಟರಿನ ಮೇಲೆ ಮನುಷ್ಯ ಒಂದು ಹೆಜ್ಜೆ ಇಟ್ಟು ನಾಲ್ಕು ಉಸಿರು ಎಳೆದುಕೊಳ್ಳಬೇಕಾಗುತ್ತದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಒಂದು ಪಾಲು ಮಾತ್ರ. ನೆಗೆಯುವುದೆಲ್ಲಿಂದ ಬಂತು? ಇಂಥ ಚಿತ್ರವನ್ನು ಚಿತ್ರಮಂದಿರದಲ್ಲಿ ನೋಡಿ ಮರೆತರೆ ಬಾಧಕವಿಲ್ಲ. ಸಾಹಸದ ಪಾಠವೆಂದು ತರಗತಿಗೆ ತರುವುದು ತರವಲ್ಲ.

ಇದಕ್ಕೊಂದು ಆಕ್ಷೇಪ ಬರಬಹುದು. ಕಥೆಗೆ ನಾಯಕನೊಬ್ಬ ಬೇಕು. ನೂರಾರು ಹೊರೆಯಾಳುಗಳನ್ನೆಲ್ಲ ತೋರಿಸುತ್ತ ಕುಳಿತರೆ ಚಿತ್ರವಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಅವರಿಗೆ ನಿಕ್ ರಯಾನ್ ನಿರ್ದೇಶಿಸಿದ ‘ದಿ ಸಮ್ಮಿಟ್’ (2012) ಚಿತ್ರವೇ ಉತ್ತರ. 2008ರ ಆಗಸ್ಟ್ 1ರಂದು ಕೆ-2ರ ‘ಬಾಟಲ್‌ನೆಕ್’ ಎಂಬ ಇಕ್ಕಟ್ಟಿನ ಮೇಲಿಂದ ಹಿಮಗಡ್ಡೆ ಕಳಚಿಬಿದ್ದು, ಇಳಿಯಲು ಕಟ್ಟಿದ್ದ ಹಗ್ಗಗಳನ್ನು ಕೊಚ್ಚಿಕೊಂಡು ಹೋಯಿತು. ಆ ದುರಂತದಲ್ಲಿ ಒಟ್ಟು ಹನ್ನೊಂದು ಮಂದಿ ಸತ್ತರು. ಅವರಲ್ಲಿ ನಾಲ್ವರು ನೇಪಾಳ ಮತ್ತು ಪಾಕಿಸ್ತಾನದ ಬೆಟ್ಟದ ಮಕ್ಕಳು. ಈ ಚಿತ್ರ ಐರ್ಲೆಂಡಿನ ಜೆರ್ ಮೆಕ್‌ಡೊನೆಲ್‌ರ ಕಥೆಯನ್ನು ಹೇಳುತ್ತದೆ. ಜೊತೆಗೆ ಬದುಕಿ ಬಂದು, ಮತ್ತೆ ಮೇಲಕ್ಕೆ ಹೋಗಿ ಇನ್ನೊಬ್ಬನನ್ನು ಉಳಿಸಿದ ಪೆಂಬಾ ಗ್ಯಾಲ್ಜೆ ಶೆರ್ಪಾನ ಮಾತನ್ನೂ ಕೇಳಿಸುತ್ತದೆ. ಅದರಿಂದ ಕಥೆಯ ಬಿಗಿ ಸಡಿಲವಾಯಿತೇ? ಇಲ್ಲ, ಹೆಚ್ಚಿತು. ಅದೇ ರಾತ್ರಿ ಛಿರಿಂಗ್ ದೋರ್ಜೆ ಎಂಬ ಶೆರ್ಪಾ, ಹಿಮಗೊಡಲಿಯಿಲ್ಲದೆ ಸಿಕ್ಕಿಬಿದ್ದಿದ್ದ ಪಾಸಾಂಗ್ ಲಾಮಾನನ್ನು ತನ್ನ ಸೊಂಟದ ಪಟ್ಟಿಗೆ ಬಿಗಿದುಕೊಂಡು ಆ ಕಡಿದಾದ ಇಕ್ಕಟ್ಟನ್ನು ಕತ್ತಲಲ್ಲಿ ಇಳಿದ. ಒಬ್ಬ ಜಾರಿದರೆ ಇಬ್ಬರೂ ಹೋಗುವ ಸ್ಥಿತಿ. ಶಿಖರವನ್ನು ಏರಿದ್ದಕ್ಕಿಂತ ಈ ಇಳಿತವೇ ದೊಡ್ಡದೆಂದು ಯಾರು ಒಪ್ಪುವುದಿಲ್ಲ? ಎವರೆಸ್ಟಿನ ವಿಷಯದಲ್ಲಿಯೂ ಜೆನಿಫರ್ ಪೀಡಮ್ ಅವರ ‘ಶೆರ್ಪಾ’ (2015) ಇದೇ ದಾರಿ ಹಿಡಿಯಿತು. 2014ರ ಏಪ್ರಿಲ್ 18ರ ಹಿಮಪಾತದಲ್ಲಿ ಹದಿನಾರು ಮಂದಿ ನೇಪಾಳಿ ಕೆಲಸಗಾರರು ಸತ್ತಾಗ, ಆ ಚಿತ್ರ ಶಿಖರವನ್ನು ಬಿಟ್ಟು ಅವರ ದುಃಖ ಮತ್ತು ಸಿಟ್ಟಿನ ಕಡೆಗೆ ತಿರುಗಿತು.

ಈಗ ಕ್ಯಾಮೆರಾ ಎಲ್ಲರ ಕೈಗೂ ಬಂದಿದೆ, ಆಕಾಶಕ್ಕೂ ಹಾರಿದೆ. 2023ರ ಜುಲೈ 27ರಂದು ಕೆ-2ರ ಅದೇ ಇಕ್ಕಟ್ಟಿನ ಬಳಿ ಮೊಹಮ್ಮದ್ ಹಸನ್ ಎಂಬ ಹೊರೆಯಾಳು ಬಿದ್ದು, ಕೆಲವು ಗಂಟೆಗಳ ಬಳಿಕ ಅಲ್ಲೇ ಪ್ರಾಣಬಿಟ್ಟ. ವಯಸ್ಸು ಇಪ್ಪತ್ತೇಳು, ಮೂರು ಮಕ್ಕಳ ತಂದೆ. ಅವನನ್ನು ದಾಟಿ ಆರೋಹಿಗಳ ಸಾಲು ಮೇಲಕ್ಕೆ ಸಾಗುವುದನ್ನು ಡ್ರೋನ್ ಕ್ಯಾಮೆರಾ ಸೆರೆಹಿಡಿದಿತ್ತು. ಅಷ್ಟು ಇಕ್ಕಟ್ಟಾದ ಜಾಗದಿಂದ ಅವನನ್ನು ಇಳಿಸುವುದು ಸಾಧ್ಯವಿರಲಿಲ್ಲವೆಂದು ಕೆಲವರು ವಾದಿಸಿದರು. ಇರಬಹುದು, ಕೆಳಗೆ ಕುಳಿತು ತೀರ್ಪು ಕೊಡುವುದು ಸುಲಭ. ಆದರೆ ಆ ದಿನ ಶಿಖರ ಮುಟ್ಟಿದವರು ಒಬ್ಬಿಬ್ಬರಲ್ಲ. ಅಷ್ಟು ಜನರಿಗೆ ಮೇಲಕ್ಕೆ ಹೋಗಲು ಶಕ್ತಿಯಿತ್ತು ಎಂಬುದನ್ನಾದರೂ ಅಲ್ಲಗಳೆಯಲಾಗದು. 1954ರಲ್ಲಿ ಮಹ್ದಿಯ ರಾತ್ರಿಯನ್ನು ಯಾರೂ ಕಾಣಲಿಲ್ಲ. 2023ರಲ್ಲಿ ಹಸನನನ್ನು ಲೋಕವೇ ಕಂಡಿತು. ಎಪ್ಪತ್ತು ವರ್ಷಗಳಲ್ಲಿ ಕ್ಯಾಮೆರಾ ಎಷ್ಟೋ ಮುಂದುವರಿದಿದೆ. ಬೆಲೆಯಿಲ್ಲದ ಉಡುಪಿನಲ್ಲಿ ಬೆಲೆಯುಳ್ಳ ಹೊರೆ ಹೊರುವವನ ಪಾಡು ಅಷ್ಟು ಮುಂದುವರಿದಿಲ್ಲ.

ಸಮಾಧಾನದ ಸಂಗತಿಯೂ ಇದೆ. 2021ರ ಜನವರಿ 16ರಂದು ಹತ್ತು ಮಂದಿ ನೇಪಾಳಿಗಳು ಚಳಿಗಾಲದಲ್ಲಿ ಕೆ-2ನ್ನು ಏರಿದರು. ಅದುವರೆಗೆ ಚಳಿಗಾಲದಲ್ಲಿ ಆ ಶಿಖರವನ್ನು ಯಾರೂ ಮುಟ್ಟಿರಲಿಲ್ಲ. ತುದಿಗೆ ಹತ್ತಿರದಲ್ಲಿ ಮುಂದಿದ್ದವರು ಹಿಂದಿದ್ದವರಿಗಾಗಿ ಕಾದು ನಿಂತರು. ಹತ್ತೂ ಮಂದಿ ಒಟ್ಟಾಗಿ ತಮ್ಮ ರಾಷ್ಟ್ರಗೀತೆ ಹಾಡುತ್ತ ಕೊನೆಯ ಹೆಜ್ಜೆಗಳನ್ನಿಟ್ಟರು. ಆ ದೃಶ್ಯವನ್ನು ತೆಗೆದ ಕ್ಯಾಮೆರಾವೂ ಅವರದ್ದೇ. ತಲೆಮಾರುಗಳ ಕಾಲ ಇನ್ನೊಬ್ಬರ ಚಿತ್ರದ ಅಂಚಿನಲ್ಲಿ ಹೊರೆ ಹೊತ್ತು ನಡೆದವರ ಮಕ್ಕಳು ಅಂದು ಚಿತ್ರದ ನಡುವಿಗೆ ಬಂದರು. ಯಾರು ಮೊದಲು ಎಂಬ ಪ್ರಶ್ನೆಗೆ ಅವರು ಜಾಗವನ್ನೇ ಬಿಡಲಿಲ್ಲ.

ಆದುದರಿಂದ ಸಹೋದ್ಯೋಗಿಗಳಲ್ಲಿ ಮತ್ತು ತಾಯಿತಂದೆಯರಲ್ಲಿ ನನ್ನ ಮನವಿ ಇಷ್ಟೆ. ಇಂಥ ಚಿತ್ರಗಳನ್ನು ಮಕ್ಕಳಿಗೆ ಧಾರಾಳವಾಗಿ ತೋರಿಸೋಣ. ಆದರೆ ಚಿತ್ರ ಮುಗಿದೊಡನೆ ಗಂಟೆ ಬಾರಿಸಿ ಮನೆಗೆ ಕಳುಹಿಸುವುದು ಬೇಡ. ಹತ್ತು ನಿಮಿಷ ಕುಳ್ಳಿರಿಸಿ ಮೂರು ಪ್ರಶ್ನೆ ಕೇಳೋಣ. ಇವರ ಊಟ, ಗುಡಾರ, ಗಾಳಿಯ ಸಿಲಿಂಡರುಗಳನ್ನು ಹೊತ್ತವರು ಯಾರು? ಅವರಲ್ಲಿ ಎಷ್ಟು ಮಂದಿಯ ಹೆಸರನ್ನು ನಾವು ಕೇಳಿದೆವು? ಎಲ್ಲರೂ ಮರಳಿ ಮನೆ ಸೇರಿದರೇ? ನಮ್ಮ ತರಗತಿಗಳಲ್ಲಿರುವ ಎಷ್ಟೋ ಮಕ್ಕಳ ತಂದೆಯರು ತಲೆಹೊರೆಯಿಂದಲೇ ಸಂಸಾರ ಸಾಗಿಸುವವರು. ಹೊರೆ ಹೊರುವುದು ಸಾಹಸದ ಹೊರಗಿನ ಕೆಲಸವಲ್ಲ, ಸಾಹಸದ ಅರ್ಧವೇ ಅದು ಎಂದು ಆ ಮಕ್ಕಳಿಗೆ ಹೇಳುವವರು ಬೇಕು. ಚಿತ್ರ ಅದನ್ನು ಹೇಳದಿದ್ದರೆ ಅಧ್ಯಾಪಕನಾದರೂ ಹೇಳಬೇಕು.