ಯಂತ್ರಕ್ಕಿಂತ ಮೊದಲು ನೀರಿನ ಪರೀಕ್ಷೆ

ಬೆಂಗಳೂರಿನ ಅಂಚಿನ ಹೊಸ ಬಡಾವಣೆಗಳಲ್ಲಿ ಗೃಹಪ್ರವೇಶ ಮುಗಿದ ಕೆಲವೇ ತಿಂಗಳಲ್ಲಿ ಕೇಳಿಬರುವ ಮೊದಲ ದೂರು ನೀರಿನದು. ನಲ್ಲಿಯ ಬಾಯಿಗೆ ಬಿಳಿಯ ಪದರ ಕಟ್ಟುತ್ತದೆ, ಸಾಬೂನು ನೊರೆ ಕೊಡುವುದಿಲ್ಲ, ತೊಗರಿಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ, ಗೀಸರು ಬೇಗನೆ ಕೆಡುತ್ತದೆ. ಕೊಳವೆಬಾವಿಯ ಈ ನೀರನ್ನು ಜನರು ‘ಉಪ್ಪು ನೀರು’ ಎಂದೂ ಕಾವೇರಿಯ ನೀರನ್ನು ‘ಸಿಹಿ ನೀರು’ ಎಂದೂ ಕರೆಯುತ್ತಾರೆ. ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ತರುವ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಆದರೂ ಆ ಸೀಮೆಯ ಆಚೆಗಿನ ಬಡಾವಣೆಗಳು ಇಂದಿಗೂ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿವೆ.

ಇಂತಹ ನೀರನ್ನು ಕಂಡೊಡನೆ ಬಹುತೇಕ ಗೃಹಸ್ಥರು ಮಾಡುವ ಕೆಲಸ ಒಂದೇ: ಶುದ್ಧೀಕರಣ ಯಂತ್ರವನ್ನು ಕೊಳ್ಳುವುದು. ನೀರನ್ನು ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿದರೆ ಉತ್ತರವಿರುವುದಿಲ್ಲ. ರೋಗವನ್ನು ತಿಳಿಯದೆ ಔಷಧಿಯನ್ನು ಸೇವಿಸುವಂತಹ ಈ ರೂಢಿಯನ್ನು ನಾವು ಬಿಡಬೇಕು. ಕಣ್ಣಿಗೆ ಕಾಣುವ ಗಡಸುತನಕ್ಕೆ ಅಂಜಿ, ಕಣ್ಣಿಗೆ ಕಾಣದ ನಿಜವಾದ ದೋಷಗಳನ್ನು ಮರೆಯುತ್ತಿದ್ದೇವೆ ಎಂಬುದೇ ಈ ಲೇಖನದ ಕಳಕಳಿ.

ಗಡಸುತನವೆಂದರೆ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳ ಪ್ರಮಾಣ. ಮಳೆಯ ನೀರು ಮೃದುವಾದುದು. ಅದು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಕಲ್ಲಿನ ಸಂದುಗಳಲ್ಲಿ ದೀರ್ಘಕಾಲ ನಿಂತು, ಅಲ್ಲಿನ ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಕುದಿಸಿದಾಗ ಅವುಗಳಲ್ಲಿ ಒಂದು ಭಾಗ ಬೇರ್ಪಟ್ಟು ಪಾತ್ರೆಯ ತಳದಲ್ಲಿ ಸುಣ್ಣದಂತೆ ನಿಲ್ಲುತ್ತದೆ. ಭಾರತೀಯ ಮಾನಕ ಬ್ಯೂರೋದ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಗಡಸು ನೀರು ಕುಡಿದರೆ ಮೂತ್ರಪಿಂಡದಲ್ಲಿ ಕಲ್ಲು ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಇದು ದೃಢಪಟ್ಟ ಸಂಗತಿಯಲ್ಲ. ಸಾಕಷ್ಟು ನೀರು ಕುಡಿಯದಿರುವುದು, ಊಟದಲ್ಲಿ ಉಪ್ಪು ಹೆಚ್ಚಾಗಿರುವುದು, ವಂಶಪಾರಂಪರ್ಯದ ಪ್ರವೃತ್ತಿ ಇವು ಕಲ್ಲಿಗೆ ಹೆಚ್ಚು ಸ್ಪಷ್ಟವಾದ ಕಾರಣಗಳು. ನೀರು ಗಡಸೆಂದು ಹೆದರಿ ಕಡಿಮೆ ಕುಡಿಯುವವರು ಯಾವುದಕ್ಕೆ ಅಂಜುತ್ತಾರೋ ಅದನ್ನೇ ಆಹ್ವಾನಿಸಿದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯದ ಕಾರಣಕ್ಕಾಗಿ ಗಡಸುತನಕ್ಕೆ ಯಾವ ಮಿತಿಯನ್ನೂ ವಿಧಿಸಿಲ್ಲ. ಚರ್ಮದ ಶುಷ್ಕತೆ, ಕೂದಲಿನ ಒರಟುತನ, ಸಾಬೂನಿನ ಖರ್ಚು ಇವು ನಿಜವಾದ ತೊಂದರೆಗಳೇ. ಆದರೆ ಪ್ರಾಣಕ್ಕೆ ಎರವಾಗುವಂಥವಲ್ಲ.

ಭಯಪಡಬೇಕಾದ ದೋಷಗಳು ಬೇರೆ. ಅವುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲನೆಯದು ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಬಾಲ್ಯದಲ್ಲಿ ವರ್ಷಗಟ್ಟಲೆ ಕುಡಿದರೆ ಹಲ್ಲುಗಳ ಮೇಲೆ ಉಜ್ಜಿದರೂ ಹೋಗದ ಕಲೆಗಳು ಉಳಿಯುತ್ತವೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ ಈ ಸಂಕಟವನ್ನು ಬಹುಕಾಲದಿಂದ ಕಂಡಿವೆ. ಎರಡನೆಯದು ನೈಟ್ರೇಟ್. ಶೌಚಗುಂಡಿಗಳು ಕೊಳವೆಬಾವಿಗೆ ಸಮೀಪವಿರುವಲ್ಲಿ ಅದು ನೀರಿಗೆ ಸೇರುತ್ತದೆ. ಅದರ ಮಿತಿ 45 ಮಿಲಿಗ್ರಾಂ. ಇದನ್ನು ಮೀರಿದ ನೀರಿನಲ್ಲಿ ಪುಡಿಹಾಲನ್ನು ಕಲಸಿ ಕೊಟ್ಟರೆ ಎಳೆಯ ಕೂಸಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುವ ಅಪಾಯವಿದೆ. ಮೂರನೆಯದು ರೋಗಾಣುಗಳು. ಕಾವೇರಿಯ ಶುದ್ಧ ನೀರೂ ತೊಳೆಯದ ಸಂಪಿನಲ್ಲಿ ನಿಂತರೆ ಕಲುಷಿತವಾಗುತ್ತದೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ.

ಯಂತ್ರ ಮಾರುವವರಲ್ಲಿ ಕೆಲವರು ತೋರಿಸುವ ಪ್ರಯೋಗವನ್ನು ಅನೇಕರು ಕಂಡಿರಬಹುದು. ಎರಡು ಲೋಟ ನೀರಿನಲ್ಲಿ ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ ಹರಿಸುತ್ತಾರೆ. ನಲ್ಲಿಯ ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. ಆ ಕಂದು ಬಣ್ಣ ನೀರಿನ ಕೊಳೆಯಲ್ಲ. ಕಡ್ಡಿಯ ಕಬ್ಬಿಣವೇ ಕರಗಿ ಬಂದದ್ದು. ಖನಿಜವಿರುವ ನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಖನಿಜ ತೆಗೆದ ನೀರು ಅಷ್ಟಾಗಿ ಹರಿಯಗೊಡುವುದಿಲ್ಲ, ಅಷ್ಟೇ ವ್ಯತ್ಯಾಸ. ಲೇಖನಿಯಂತಹ ಟಿಡಿಎಸ್ ಮೀಟರ್ ಕೂಡ ಕರಗಿದ ಲವಣಗಳ ಒಟ್ಟು ಮೊತ್ತವನ್ನಷ್ಟೇ ಸೂಚಿಸುತ್ತದೆ. ಫ್ಲೋರೈಡ್ ಎಷ್ಟಿದೆ, ರೋಗಾಣುಗಳಿವೆಯೇ ಎಂಬುದನ್ನು ಅದು ಹೇಳಲಾರದು.

ಆರ್‌ಒ ಯಂತ್ರ ಬೇಡವೆಂದು ಇದರ ಅರ್ಥವಲ್ಲ. ಫ್ಲೋರೈಡ್, ನೈಟ್ರೇಟ್ ಅಥವಾ ಲವಣಾಂಶ ಮಿತಿ ಮೀರಿದ್ದರೆ ಅದು ನಿಜಕ್ಕೂ ಉಪಕಾರಿ. ಆದರೆ ಅಂತಹ ದೋಷವಿಲ್ಲದ ನೀರಿಗೆ ಅದನ್ನು ಜೋಡಿಸಿದರೆ ದೇಹಕ್ಕೆ ಬೇಕಾದ ಖನಿಜಗಳೂ ಹೊರಟುಹೋಗುತ್ತವೆ. ಮನೆಬಳಕೆಯ ಹಲವು ಯಂತ್ರಗಳು ಒಂದು ಲೀಟರ್ ನೀರು ಕೊಡುವಾಗ ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತವೆ. ಅಂತರ್ಜಲ ಬತ್ತುತ್ತಿರುವ ನಾಡಿನಲ್ಲಿ ಇದು ಸಣ್ಣ ನಷ್ಟವಲ್ಲ. ಯಂತ್ರವಿರುವ ಮನೆಯವರು ಆ ನೀರನ್ನು ಹಿಡಿದಿಟ್ಟು ನೆಲ ಒರೆಸಲು, ಶೌಚಾಲಯಕ್ಕೆ ಬಳಸಲಿ. ಇನ್ನು ಗಡಸುತನ ಕಳೆಯುವ ಸಾಫ್ಟ್‌ನರ್ ಯಂತ್ರವು ಉಪ್ಪಿನಿಂದ ನಡೆಯುವಂಥದ್ದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ. ಅದರ ನೀರು ಸ್ನಾನಕ್ಕೆ, ಬಟ್ಟೆಗೆ ಸರಿ. ರಕ್ತದೊತ್ತಡವಿರುವವರು ಅದನ್ನು ಕುಡಿಯುವ ಮುನ್ನ ವೈದ್ಯರ ಸಲಹೆ ಪಡೆಯುವುದು ಲೇಸು.

ಹಾಗಾದರೆ ಮಾಡಬೇಕಾದುದೇನು? ಒಂದು ಬಡಾವಣೆಯ ಮನೆಗಳು ಬಹುಮಟ್ಟಿಗೆ ಒಂದೇ ಮೂಲದ ನೀರನ್ನು ಕುಡಿಯುತ್ತವೆ. ಆದುದರಿಂದ ಪರೀಕ್ಷೆಯೂ ಒಟ್ಟಾಗಿಯೇ ನಡೆಯಬೇಕು. ಜಿಲ್ಲಾ ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ, ಮಾನ್ಯತೆ ಪಡೆದ ಖಾಸಗಿ ಪ್ರಯೋಗಾಲಯಗಳೂ ಇವೆ. ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ, ವರ್ಷಕ್ಕೆ ಎರಡು ಬಾರಿ ಪ್ರತಿ ಕೊಳವೆಬಾವಿಯ ಹಾಗೂ ಸಂಪಿನ ನೀರನ್ನು ಕಳುಹಿಸಬೇಕು. ಗಡಸುತನದೊಡನೆ ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ ಅಂಶಗಳನ್ನೂ ಕೇಳಿ ಮಾಡಿಸಬೇಕು. ಫಲಿತಾಂಶವನ್ನು ಬಡಾವಣೆಯ ಸೂಚನಾ ಫಲಕದಲ್ಲಿ ಎಲ್ಲರೂ ಓದುವಂತೆ ಅಂಟಿಸಬೇಕು. ಮನೆಮನೆಗೆ ಹಂಚಿದರೆ ಇದರ ಖರ್ಚು ಒಂದು ಯಂತ್ರದ ಬೆಲೆಯ ಮುಂದೆ ಅತ್ಯಲ್ಪ. ಯಂತ್ರವಿರುವಾಗ ಪರೀಕ್ಷೆಯೇಕೆ ಎನ್ನುವವರು ತಮ್ಮ ಮನೆಗೆಲಸದವರನ್ನೂ ಕಟ್ಟಡದ ಕಾವಲುಗಾರರನ್ನೂ ನೆನೆಯಲಿ. ಅವರ ಮಕ್ಕಳು ಅದೇ ಕೊಳವೆಬಾವಿಯ ನೀರನ್ನು ಯಾವ ಯಂತ್ರವೂ ಇಲ್ಲದೆ ಕುಡಿಯುತ್ತಿದ್ದಾರೆ.

ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ಶಿವಯೋಗಿಗಳಿಗೆ ನೀರು ಒಂದು ಮನೆಯ ಸೊತ್ತಾಗಿರಲಿಲ್ಲ, ಊರಿನದಾಗಿತ್ತು. ಕೆರೆ ಕಟ್ಟಿಸುವ ಶಕ್ತಿ ನಮ್ಮೆಲ್ಲರಿಗೂ ಇಲ್ಲದಿರಬಹುದು. ಕುಡಿಯುವ ನೀರಿನ ನಿಜವನ್ನು ತಿಳಿದು ನೆರೆಯವರಿಗೂ ತಿಳಿಸುವ ಶಕ್ತಿ ಎಲ್ಲರಿಗೂ ಇದೆ. ಸದ್ಭಕ್ತರು ತಮ್ಮ ಬಡಾವಣೆಯ ಮುಂದಿನ ಸಭೆಯಲ್ಲಿ ಈ ಮಾತನ್ನು ಎತ್ತಲಿ.