ಜಾವಾ ಇದ್ದಲ್ಲೆಲ್ಲ ಅಪಾಯವೇ? ಲಾಗ್‌ಫೋರ್‌ಜೆ ದೋಷದ ಅಸಲಿಯತ್ತು

2021ರ ಡಿಸೆಂಬರ್‌ನಲ್ಲಿ ‘ಲಾಗ್‌ಫೋರ್‌ಶೆಲ್’ ಎಂಬ ಭದ್ರತಾ ದೋಷ ಬಯಲಾಯಿತು. ತೀವ್ರತೆಯ ಅಂಕ 10ಕ್ಕೆ 10! ಹಾಗಾದರೆ ಜಾವಾದಲ್ಲಿ ಬರೆದ ತಂತ್ರಾಂಶವೆಲ್ಲ ಅಪಾಯಕಾರಿಯೇ? ಅಲ್ಲ.

ತಂತ್ರಾಂಶ ತಾನು ಏನು ಮಾಡಿತು, ಎಲ್ಲಿ ಎಡವಿತು ಎಂದು ದಿನಚರಿಯಂತೆ ಬರೆದಿಡುವುದೇ ಲಾಗಿಂಗ್. ಜಾವಾದಲ್ಲಿ ಇದಕ್ಕೆ ಸಾಮಾನ್ಯವಾಗಿ ಎರಡು ಭಾಗ. ಕೋಡ್ ಕಂಪೈಲ್ ಮಾಡಲು ‘ಎಪಿಐ’ ಸಾಕು, ಅದು ಸ್ವಿಚ್ಚಿನಂತೆ. ತಂತ್ರಾಂಶ ಓಡುವಾಗ ನಿಜವಾಗಿ ಬರೆಯುವುದು ಇನ್ನೊಂದು ಲೈಬ್ರರಿ, ಅದು ಬಲ್ಬಿನಂತೆ. ದೋಷವಿದ್ದದ್ದು ‘ಲಾಗ್‌ಫೋರ್‌ಜೆ-ಕೋರ್’ ಎಂಬ ಬಲ್ಬಿನಲ್ಲಿ. ‘ಲಾಗ್‌ಫೋರ್‌ಜೆ-ಎಪಿಐ’ ಮಾತ್ರ ಇದ್ದವರಿಗೆ ಈ ದೋಷ ತಟ್ಟಲಿಲ್ಲ.

ಮತ್ತೇಕೆ ಅಷ್ಟು ಗಾಬರಿ? ಲಾಗ್‌ಗೆ ಬಂದ ಒಂದು ಬಗೆಯ ಸಾಲನ್ನು ಕೋರ್ ಆದೇಶವೆಂದು ತಿಳಿದು, ಹೊರಗಿನ ಸರ್ವರ್‌ನಿಂದ ಕೋಡ್ ತರಿಸಿ ಓಡಿಸಬಹುದಿತ್ತು. ಇನ್ನೂ ದೊಡ್ಡ ತೊಡಕೆಂದರೆ, ಅದು ತಮ್ಮಲ್ಲಿದೆ ಎಂದೇ ಎಷ್ಟೋ ಸಂಸ್ಥೆಗಳಿಗೆ ಗೊತ್ತಿರಲಿಲ್ಲ. ನೀವು ಒಂದು ಲೈಬ್ರರಿ ಸೇರಿಸಿದರೆ ಅದು ತನ್ನ ಹಿಂದೆ ಇನ್ನೊಂದನ್ನು ಕರೆತರುತ್ತದೆ. ನೀವು ಬರೆದ ಕೋಡ್‌ನಲ್ಲಿ ಹುಡುಕಿದರೆ ಅದರ ಹೆಸರೇ ಸಿಗದು.

ಅದಕ್ಕೇ ಲೈಬ್ರರಿ ಬರೆಯುವವರು ಎಪಿಐ ಮಾತ್ರ ನೆಚ್ಚಿಕೊಂಡು, ‘ಬಲ್ಬ್’ ಆಯ್ಕೆಯನ್ನು ಬಳಸುವವರಿಗೆ ಬಿಡಬೇಕು. ಬಳಸುವವರು ‘ಮೇವನ್’ನಂಥ ಸಾಧನದಿಂದ ಅವಲಂಬನೆಗಳ ಪೂರ್ತಿ ಪಟ್ಟಿ ತೆಗೆದು ನೋಡಬೇಕು. ಆಗ ಮೊದಲ ತಿದ್ದುಪಡಿ 2.15.0 ಸಾಲದೆ, ಅದೇ ತಿಂಗಳಲ್ಲಿ 2.17.1ರವರೆಗೆ ಆವೃತ್ತಿಗಳು ಬಂದವು.

ಮೊಬೈಲ್ ಬಳಸುವ ನೀವೇನು ಮಾಡಬೇಕು? ಈ ದೋಷದ ಮುಖ್ಯ ರಿಪೇರಿ ನಡೆಯಬೇಕಾದ್ದು ಕಂಪನಿಗಳ ಸರ್ವರ್‌ಗಳಲ್ಲಿ. ನೀವು ಆ್ಯಪ್‌ಗಳನ್ನು ಅಪ್‌ಡೇಟ್ ಮಾಡಿ. ‘ದೋಷ ಸರಿಪಡಿಸುವ ಲಿಂಕ್’ ಎಂದು ಫಾರ್ವರ್ಡ್ ಬಂದರೆ ಒತ್ತಬೇಡಿ, ಹಂಚಲೂಬೇಡಿ.